ಹಿಡಿಯಕ್ಕಿ ಬಂದ ಮನೆ

ಹೋದ ಭಾನುವಾರ ಚರ್ಚಿನಲ್ಲಿ, ಪ್ರಾರ್ಥನೆಯ ನಡುವೆ, ನಾನು ನಕ್ಕುಬಿಟ್ಟೆ. ಮನಸ್ಸಿನೊಳಗೆ ನಕ್ಕದ್ದಲ್ಲ, ಸದ್ದು ಹೊರಗೇ ಬಂತು. ಕಣ್ಣು ಮುಚ್ಚಿ ನಿಂತಿದ್ದ ಹೆಂಗಸರೆಲ್ಲ ಒಂದೊಂದು ಕಣ್ಣು ತೆರೆದು ನೋಡಿದರು. ಕೆಮ್ಮಿದೆ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಬೇರೆ ಯಾರೋ ಪ್ರಾರ್ಥಿಸುತ್ತಿದ್ದರೆ ತಲೆ ತಗ್ಗಿಸಿ ಬಚಾವಾಗಬಹುದಿತ್ತು. ಆದರೆ ಪ್ರಾರ್ಥನೆ ಮಾಡುತ್ತಿದ್ದವಳು ನಾನೇ.

ನಗು ತರಿಸಿದ್ದು ನನ್ನ ಕೈಕೆಳಗಿದ್ದ ಅಕ್ಕಿಚೀಲದ ವಾಸನೆ. ಗೋಣಿನಾರು, ಅಕ್ಕಿಯ ಧೂಳು, ಹುಳ ಬೀಳದಿರಲೆಂದು ಹಾಕಿದ ಒಣಮೆಣಸು, ಮೂರೂ ಸೇರಿದ ಒಂದು ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದದ್ದೇ ನಮ್ಮ ಅತ್ತೆ ಎಸ್ತೇರಮ್ಮ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು.

ಹಿಡಿಯಕ್ಕಿ ಎಂದರೆ ಏನೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಬಣಕಲ್ ಹತ್ತಿರದ ನಮ್ಮ ಸಭೆ ಚಿಕ್ಕದು. ಎಸ್ಟೇಟಿಗೆ ಕೆಲಸಕ್ಕೆ ಹೋಗುವವರು, ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬಿಬ್ಬರು ರೈಟರುಗಳು, ಒಂದು ಟೈಲರ್ ಅಂಗಡಿ, ಇಷ್ಟೇ ನಾವು. ಪ್ರತಿ ಮನೆಯ ಹೆಂಗಸು ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುತ್ತಾಳೆ. ಅದು ದೇವರದು. ತಿಂಗಳ ಕೊನೆಯ ಭಾನುವಾರ ಎಲ್ಲರ ಡಬ್ಬವೂ ಚರ್ಚಿನ ಒಂದೇ ಚೀಲಕ್ಕೆ ಬೀಳುತ್ತದೆ. ಯಾವ ಮನೆಯಲ್ಲಿ ಕಷ್ಟವಿದೆಯೋ ಆ ಮನೆಗೆ ಚೀಲ ಹೋಗುತ್ತದೆ. ಹೆಸರು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಆ ಮನೆ' ಎಂದಷ್ಟೇ ಪ್ರಾರ್ಥನೆ ಮಾಡುತ್ತೇವೆ, ಆಮೇಲೆ ಯಾರಾದರೊಬ್ಬರು ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಾರೆ.

ನಾನು ಮದುವೆಯಾಗಿ ಬಂದ ಕಾಲಕ್ಕೆ ಈ ಹಿಡಿಯಕ್ಕಿಯ ಆಡಳಿತ ಪೂರ್ತಿ ಅತ್ತೆಯ ಕೈಯಲ್ಲಿತ್ತು. ಕೈ ಅಂದರೆ ಅದು ಕೈ. ಗಂಡಸರ ಅಂಗೈಯಷ್ಟು ಅಗಲ. ಅವರ ಒಂದು ಹಿಡಿ ನನ್ನ ಎರಡು ಹಿಡಿಗೆ ಸಮ. ಚೀಲ ಯಾರಿಗೆ ಹೋಗಬೇಕೆಂದು ನಿರ್ಧರಿಸುವುದು ಅವರು, ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸುವುದೂ ಅವರೇ. ಅತ್ತೆ ಪ್ರಾರ್ಥನೆಗೆ ನಿಂತರೆ ಮನೆಯಲ್ಲಿ ಸಾರು ಕುದಿಯಲಿಟ್ಟು ಬಂದವರಿಗೆ ಕಾಲು ನಿಲ್ಲುತ್ತಿರಲಿಲ್ಲ. ಲೋಕದ ಸೃಷ್ಟಿಯಿಂದ ಹೊರಟು, ಮರಳುಗಾಡಿನಲ್ಲಿ ಹಸಿದವರಿಗೆ ಆಕಾಶದಿಂದ ಮನ್ನ ಸುರಿದದ್ದು, ಕಾಗೆಗಳು ಪ್ರವಾದಿಗೆ ರೊಟ್ಟಿ ತಂದುಕೊಟ್ಟದ್ದು ಎಲ್ಲವನ್ನೂ ದೇವರಿಗೆ ನೆನಪು ಮಾಡಿಕೊಟ್ಟು, ಕೊನೆಗೆ ಬಣಕಲ್ಲಿಗೆ ಬಂದು ಇಳಿಯುತ್ತಿದ್ದರು. ದೇವರು ಕೊಟ್ಟ ಮಾತು ಅವರಿಗೆ ಅಷ್ಟು ಗಟ್ಟಿ. 'ಕೊಡ್ತೀನಿ ಅಂದೋನು ಕೊಡ್ತಾನೆ' ಎನ್ನುವುದು ಅವರ ಬಾಯಲ್ಲಿ ದಿನಕ್ಕೆ ಹಲವು ಸಲ ಬರುತ್ತಿತ್ತು, ಒಲೆ ಹೊತ್ತದಿದ್ದರೂ ಅದೇ, ಬಸ್ಸು ಬರದಿದ್ದರೂ ಅದೇ.

ಅವರದೇ ಇನ್ನೊಂದು ಕಾನೂನು ಇತ್ತು. ಕೆಲವರು ಮರ್ಯಾದೆಗೆ ಅಂಜಿ ಚೀಲ ಬೇಡ ಎನ್ನುತ್ತಿದ್ದರು. ಅದಕ್ಕೆ ಅತ್ತೆ ಹೆಂಗಸರ ಕೂಟದಲ್ಲಿ ಎದ್ದು ನಿಂತು ಹೇಳಿದ್ದರು: "ಬೇಡ ಅಂದ್ರೆ ವಾಪಸ್ ತರೂದಲ್ಲ. ಜಗಲಿ ಮೇಲೆ ಇಟ್ಟು ಬಂದ್ಬಿಡಿ. ಅದು ಅವರಿಗೂ ದೇವರಿಗೂ ಬಿಟ್ಟಿದ್ದು, ನಮಗೆಂತಕ್ಕೆ?" ಎಲ್ಲರೂ ಹೌದೆಂದರು. ಅತ್ತೆಯ ಮಾತಿಗೆ ಅಲ್ಲವೆನ್ನುವ ಧೈರ್ಯ ನಮ್ಮ ಪಾದ್ರಿ ಅಯ್ಯನವರಿಗೂ ಇರಲಿಲ್ಲ.

ಆಮೇಲೆ ಒಂದು ವರ್ಷ ಮಳೆಗಾಲದಲ್ಲಿ ಘಾಟಿ ಜರಿಯಿತು. ನನ್ನ ಗಂಡನದು ಪಿಕಪ್ ಗಾಡಿ. ಇಲ್ಲಿಂದ ಶುಂಠಿ, ತರಕಾರಿ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಯುವುದು, ಕರಾವಳಿಯಿಂದ ಮೀನು ಹೇರಿಕೊಂಡು ಹತ್ತುವುದು. ಅವರು ಮನೆಗೆ ಬರುವ ಮುಂಚೆ ಮೀನಿನ ವಾಸನೆ ಬರುತ್ತಿತ್ತು, ನನಗೆ ಅದು ಸಂಬಳದ ವಾಸನೆ. ಗುಡ್ಡ ಜರಿದು ರಸ್ತೆ ಮುಚ್ಚಿತು ಎಂದಾಗ ವಾರದೊಳಗೆ ತೆರೆಯಬಹುದು ಅಂದುಕೊಂಡೆವು. ವಾರ ತಿಂಗಳಾಯಿತು. ಘಾಟಿಯ ತಲೆಗಿರುವ ಕೊಟ್ಟಿಗೆಹಾರದಲ್ಲಿ ಹೋಟೆಲಿನವರು ಬಾಗಿಲಲ್ಲಿ ಕೂತು ಖಾಲಿ ರಸ್ತೆ ನೋಡುತ್ತಿದ್ದರು. ಮಳೆಗೆ ಕಾಫಿಕಾಯಿ ಉದುರಿಹೋಗಿದ್ದರಿಂದ ಎಸ್ಟೇಟಿನಲ್ಲೂ ಹೊಸಬರಿಗೆ ಕೆಲಸ ಇರಲಿಲ್ಲ. ಅಂಗಳದಲ್ಲಿ ನಿಂತ ಪಿಕಪ್ಪಿನ ಮೇಲೆ ನಮ್ಮ ಸಿಹಿಗುಂಬಳದ ಬಳ್ಳಿ ಹತ್ತಿ, ಸ್ಟೇರಿಂಗಿನವರೆಗೂ ಹೋಗಿ, ಹೂವು ಬಿಟ್ಟಿತು.

ಅಕ್ಕಿಡಬ್ಬದ ತಳ ಕಾಣತೊಡಗಿದರೂ ಅತ್ತೆಯ ಹಿಡಿ ಚಿಕ್ಕದಾಗಲಿಲ್ಲ. ಒಂದು ದಿನ ನಾನು ಬಾಯಿಬಿಟ್ಟೇ ಕೇಳಿದೆ.

"ಅತ್ತೆ, ಈ ತಿಂಗಳು ನನ್ನ ಕೈಯಲ್ಲಿ ಹಿಡಿ ತೆಗೀಲಾ?"

"ಎಂತಕ್ಕೆ? ನಂದು ಕೈಯಲ್ವಾ?"

"ನಂದು ಸ್ವಲ್ಪ ಚಿಕ್ಕದು, ಅದಕ್ಕೆ."

ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. "ನೀ ಹೇಳೂದು ನಂಗೆ ಅರ್ಥ ಆಗ್ತದೆ ಮಾರಾಯ್ತಿ. ಆದ್ರೆ ಮೇಲಿನೋನ ಕೈ ದೊಡ್ಡದಿರ್ಲಿ, ನಮ್ಮ ಕೈ ಮಾತ್ರ ಚಿಕ್ಕದಾಗ್ಲಿ ಅಂದ್ರೆ ಹೇಗೆ?" ಎಂದು ಹೇಳಿ, ಎಂದಿನಷ್ಟೇ ಅಕ್ಕಿ ತೆಗೆದು ದೇವರ ಡಬ್ಬಕ್ಕೆ ಸುರಿದರು. ನನಗೆ ಸಿಟ್ಟು ಬಂದದ್ದು ನಿಜ. ಆ ರಾತ್ರಿಯ ಗಂಜಿಯಲ್ಲಿ ಅಗುಳು ಹುಡುಕಿಕೊಂಡು ಉಂಡೆವು.

ಅತ್ತೆಗೆ ದೇವರು ಕೊಡುತ್ತಾನೆಂಬ ಬಗ್ಗೆ ಅನುಮಾನವೇ ಇರಲಿಲ್ಲ. ಹೇಗೆ ಕೊಡುತ್ತಾನೆ ಎಂಬುದನ್ನೂ ಅವರೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದರು, ತೊಂದರೆ ಆದದ್ದು ಅಲ್ಲಿ. ಒಂದೋ ಬೆಳಗಾಗುವಷ್ಟರಲ್ಲಿ ಘಾಟಿ ತೆರೆಯಬೇಕು, ಇಲ್ಲವೇ ಯಾರೋ ದೊಡ್ಡ ಪ್ಲಾಂಟರು ಜೀಪು ನಿಲ್ಲಿಸಿ ಮಗನನ್ನು ಡ್ರೈವರ್ ಕೆಲಸಕ್ಕೆ ಕರೆಯಬೇಕು. ಬೆಳಿಗ್ಗೆ ಕಾಫಿಲೋಟ ಹಿಡಿದು ಜಗಲಿಯಲ್ಲಿ ಕೂತು, ರಸ್ತೆಯಲ್ಲಿ ಜೀಪಿನ ಸದ್ದಾದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ತಿಂಗಳ ಕೊನೆಯ ಭಾನುವಾರ ಬಂತು. ಅತ್ತೆ ಡಬ್ಬ ಹಿಡಿದು ಹೋಗುವಷ್ಟರಲ್ಲಿ ಕೂಟದ ಹೆಂಗಸರು, "ಎಸ್ತೇರಕ್ಕ, ಈ ಸಲ ಮನೆ ನಾವೇ ನೋಡಿಟ್ಟಿದ್ದೇವೆ. ನೀವು ಪ್ರಾರ್ಥನೆ ಮಾಡಿದ್ರೆ ಸಾಕು" ಎಂದರು. ಅತ್ತೆಗೆ ಸ್ವಲ್ಪ ಮುನಿಸಾಯಿತು. ಆದರೂ ಚೀಲದ ಮೇಲೆ ಎರಡೂ ಕೈಯಿಟ್ಟು ನಿಂತರು. ಅಂದು ಮಾಡಿದಂಥ ಪ್ರಾರ್ಥನೆಯನ್ನು ಅವರು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಮನ್ನ ಸುರಿಯಿತು, ಕಾಗೆ ಬಂತು. ಆಮೇಲೆ ದನಿ ಏರಿಸಿ, "ಕರ್ತನೇ, ಆ ಮನೆಯವರ ಜಂಬ ಇಳಿಸು. ಇದು ನೆರೆಯವರ ಕೈಯಿಂದ ಬಂದರೂ ನಿನ್ನ ಕೈಯಿಂದ ಬಂದದ್ದೆಂದು ತಿಳಿಯುವ ಬುದ್ಧಿ ಕೊಡು. ಬೇಡವೆನ್ನುವ ನಾಲಿಗೆಯನ್ನು ಕಟ್ಟಿಹಾಕು" ಎಂದರು. ಹೆಂಗಸರೆಲ್ಲ ಎಂದೂ ಇಲ್ಲದಷ್ಟು ಜೋರಾಗಿ ಆಮೆನ್ ಎಂದರು. ಅತ್ತೆಗೆ ಅದು ಖುಷಿಯಾಯಿತು. ದಾರಿಯುದ್ದಕ್ಕೂ ನನ್ನ ಹತ್ತಿರ, ಆ ಮನೆ ಟೈಲರನದೇ ಇರಬೇಕು, ಅವನ ಹೆಂಡತಿಗೆ ಜಂಬ ಜಾಸ್ತಿ ಎಂದು ಹೇಳುತ್ತಾ ಬಂದರು.

ಮಧ್ಯಾಹ್ನ ರೂತಮ್ಮ ಬಂದಳು. ಎಸ್ಟೇಟಿನ ಕೂಲಿಲೈನಿನಲ್ಲಿರುವವಳು. ಅವಳ ಗಂಡ ಮರದಿಂದ ಬಿದ್ದು ಮಲಗಿದ್ದಾಗ ಅತ್ತೆಯೇ ಚೀಲ ಹೊತ್ತು ಅವಳ ಮನೆಗೆ ಹೋಗಿದ್ದರು. ಈಗ ಚೀಲ ಅವಳ ತಲೆಯ ಮೇಲಿತ್ತು.

"ದಾರಿ ತಪ್ಪಿದ್ಯಾ ರೂತಿ? ಟೈಲರ್ ಮನೆ ಆ ಕಡೆ ಅಲ್ವಾ?"

"ಟೈಲರ್ ಮನೆಗೆ ಎಂತಕ್ಕೆ ಹೋಗ್ಲಿ ಅಕ್ಕ? ಇಲ್ಲಿಗೇ ಬಂದದ್ದು."

ಅತ್ತೆಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ನಮ್ಮನೇಲಿ ಅಕ್ಕಿ ಇಲ್ಲ ಅಂತ ನಿಂಗೆ ಹೇಳಿದ್ಯಾರು?"

"ಯಾರೂ ಹೇಳ್ಲಿಲ್ಲ. ನಿಮ್ಮ ಗಾಡಿ ಮೇಲೆ ಕುಂಬಳ ಬೆಳೀತಾ ಉಂಟಲ್ಲ, ಊರಿಗೆಲ್ಲ ಕಾಣ್ತದೆ."

"ಬೇಡ. ತಗೊಂಡು ಹೋಗು. ಕಷ್ಟದಲ್ಲಿರೋರು ಬೇರೆ ಇದ್ದಾರೆ."

ರೂತಮ್ಮ ಚೀಲವನ್ನು ಮೆತ್ತಗೆ ಜಗಲಿಯ ಮೇಲಿಳಿಸಿದಳು. "ಬೇಡ ಅಂದ್ರೆ ಜಗಲಿ ಮೇಲೆ ಇಟ್ಟು ಬರ್ಬೇಕು ಅಂತ ನೀವೇ ಹೇಳಿದ್ದು" ಎಂದು ತಲೆಯ ಮೇಲಿನ ಸಿಂಬೆ ಬಿಚ್ಚಿಕೊಂಡಳು. ಹೊರಟವಳು ಮೆಟ್ಟಿಲಲ್ಲಿ ನಿಂತು ತಿರುಗಿದಳು. "ಅವತ್ತು ನೀವು ನಮ್ಮನೆಗೆ ತಂದಾಗ ನಾನು ಬೇಡ ಅನ್ಲಿಲ್ಲ ಅಕ್ಕ. ನಂಗೆ ನಾಚಿಕೆ ಆಗ್ಲಿಲ್ಲ ಅಂದ್ಕೊಂಡ್ರಾ?"

ಅತ್ತೆ ಒಳಗೆ ಹೋಗಿ ಹಲಸಿನ ಬೀಜ ಬಿಡಿಸುತ್ತಾ ಕೂತರು. ನಾನು, ನನ್ನ ಗಂಡ ಮುಖ ಮುಖ ನೋಡಿಕೊಂಡೆವು. ಜಗಲಿಯಲ್ಲಿ ಚೀಲ, ಅಡುಗೆಮನೆಯಲ್ಲಿ ಅತ್ತೆ, ನಡುವೆ ಹಸಿದ ನಾವು. ಸಂಜೆ ಬರೀ ಬೀಜ ಬೇಯಿಸಿ ಉಪ್ಪು ಹಾಕಿಕೊಂಡು ತಿಂದೆವು. ಅದರ ಪರಿಣಾಮವನ್ನು ನಾನಿಲ್ಲಿ ವಿವರಿಸುವುದಿಲ್ಲ, ಹಲಸಿನ ಬೀಜ ತಿಂದವರಿಗೆ ಗೊತ್ತಿರುತ್ತದೆ. ಅಷ್ಟಾದರೂ ಚೀಲ ಮುಟ್ಟುವ ಧೈರ್ಯ ನಮಗಿರಲಿಲ್ಲ. ಅತ್ತೆ ಹೂಂ ಎನ್ನದೆ ಅದು ಹೊಸ್ತಿಲು ದಾಟುವಂತಿರಲಿಲ್ಲ. ಅವರ ಮುಖ ನೋಡಿದರೆ ನನಗೆ ಒಂದು ಕಡೆ ನಗು, ಒಂದು ಕಡೆ ನಿಜಕ್ಕೂ ಸಂಕಟ. ಇಡೀ ಜೀವನ ಕೊಟ್ಟೇ ಅಭ್ಯಾಸವಾದ ಕೈ ಅದು. ಮೇಲೆ ಮುಖಮಾಡಿ ಹಿಡಿಯುವುದು ಅದಕ್ಕೆ ಬರುತ್ತಿರಲಿಲ್ಲ.

ಬೆಳಿಗ್ಗೆ ನಾನು ಏಳುವಾಗ ಅತ್ತೆ ಚೀಲವನ್ನು ಒಳಗೆ ಎಳೆಯುತ್ತಿದ್ದರು. "ಎರಚಲು ಬೀಳ್ತದೆ, ಹಾಳಾಗ್ತದೆ" ಎಂದರು ನಾನು ಕೇಳುವ ಮುಂಚೆಯೇ. ಹೊರಗೆ ಬಿಸಿಲಿತ್ತು.

ಚೀಲದ ಬಾಯಿ ಬಿಚ್ಚಿ ಮೊರದಲ್ಲಿ ಸುರಿದು ಇಬ್ಬರೂ ಕಲ್ಲು ಆರಿಸಲು ಕೂತೆವು. ಕುಚ್ಚಲಕ್ಕಿ ಇತ್ತು, ಬೆಳ್ತಿಗೆ ಅಕ್ಕಿ ಇತ್ತು, ರೇಷನ್ ಅಕ್ಕಿ ಇತ್ತು, ರೈಟರ್ ಮನೆಯ ಸಣ್ಣಕ್ಕಿಯೂ ಇತ್ತು. ಅತ್ತೆ ಬೆರಳಾಡಿಸುತ್ತಾ ಇದು ಇಂಥವರದು, ಇದು ಇಂಥವರದು ಎಂದು ಗುರುತು ಹಿಡಿಯತೊಡಗಿದರು. ಒಂದು ಕಡೆ ಬೆರಳು ನಿಂತಿತು. "ಇದು ನಮ್ದು ಕಣೆ" ಎಂದರು. "ಒಂದೇ ಹೋಗಿತ್ತು. ಬರೋವಾಗ ಊರಿನ ನೆಂಟ್ರನ್ನೆಲ್ಲ ಕರ್ಕೊಂಡು ಬಂದಿದೆ" ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು, ಹಸಿವಿನದೋ ಪ್ರೀತಿಯದೋ ಗೊತ್ತಿಲ್ಲ, ಎರಡೂ ಇದ್ದಿರಬೇಕು.

ಅನ್ನ ಮಾತ್ರ ಕೆಟ್ಟುಹೋಯಿತು. ರೇಷನ್ ಅಕ್ಕಿ ಬೆಂದು ಪಾಯಸವಾದರೂ ಕುಚ್ಚಲಕ್ಕಿ ಕಲ್ಲಿನಂತೆಯೇ ಕೂತಿತ್ತು. ಇಷ್ಟು ವರ್ಷ ಈ ಚೀಲ ಹಂಚಿದವರಿಗೆ ಅದನ್ನು ಬೇಯಿಸುವ ಕಷ್ಟ ಅವತ್ತೇ ಗೊತ್ತಾದದ್ದು. ಅತ್ತೆ ನನ್ನನ್ನು ಲೈನಿಗೆ ಓಡಿಸಿ ರೂತಮ್ಮನನ್ನು ಕರೆಸಿದರು. ಅವಳು ಪಾತ್ರೆ ಇಣುಕಿ ನೋಡಿ, "ಹಿಡಿಯಕ್ಕೀಲಿ ಅನ್ನ ಮಾಡ್ತಾರಾ ಅಕ್ಕ? ತರಿ ಮಾಡಿ ಕಡುಬು ಮಾಡೂದು" ಎಂದಳು. ಇಬ್ಬರೂ ಸೇರಿ ಅಕ್ಕಿ ತೊಳೆದು ಬಟ್ಟೆಯ ಮೇಲೆ ಹರಡಿ ಆರಿಸಿ, ಮಿಕ್ಸಿಯಲ್ಲಿ ತರಿ ಮಾಡಿ, ಬೇಯಿಸಿ ಉಂಡೆ ಕಟ್ಟಿ ಹಬೆಗಿಟ್ಟರು. ಪಿಕಪ್ಪಿನ ಮೇಲಿನ ಕುಂಬಳಕಾಯಿ ಇಳಿಸಿ ಗೊಜ್ಜಾಯಿತು. ಎಲ್ಲರೂ ತಟ್ಟೆ ಮುಂದೆ ಕೂತಾಗ, ಅಭ್ಯಾಸದಂತೆ ಅತ್ತೆಯ ಪ್ರಾರ್ಥನೆಗೆ ಕಾದೆವು. ಕಡುಬು ಆರಿಹೋಗುವುದು ಖಂಡಿತ ಅಂದುಕೊಂಡೆ.

"ಕರ್ತನೇ, ಬಂತು" ಎಂದರು ಅತ್ತೆ. "ಆಮೆನ್."

ಅಷ್ಟೇ. ಅಂಥ ಚಿಕ್ಕ ಪ್ರಾರ್ಥನೆಯನ್ನು ಆ ಬಾಯಿಂದ ನಾನು ಕೇಳಿರಲಿಲ್ಲ. ರೂತಮ್ಮ ಒಂದು ಕಡುಬು ಮುರಿದು ಅವರ ತಟ್ಟೆಗೆ ಹಾಕಿದಳು, ಅತ್ತೆ ಬೇಡ ಎನ್ನಲಿಲ್ಲ.

ಘಾಟಿ ಆಮೇಲೆ ತೆರೆಯಿತು, ಗಾಡಿಯೂ ಓಡಿತು, ಮೀನಿನ ವಾಸನೆಯೂ ಬಂತು. ಯಾವ ಪ್ಲಾಂಟರೂ ಜೀಪು ನಿಲ್ಲಿಸಲಿಲ್ಲ. ಅತ್ತೆ ಹೋಗಿ ಈಗ ಎರಡು ಕ್ರಿಸ್‌ಮಸ್ ಕಳೆದಿವೆ. ಚೀಲದ ಮೇಲೆ ಕೈಯಿಡುವ ಕೆಲಸ ನನಗೆ ಬಂದಿದೆ. ಈಸ್ಟರ್ ಕಳೆದಾಗಿನಿಂದ ನನ್ನ ಗಂಡನಿಗೆ ಸೊಂಟ ಹಿಡಿದು, ಗಾಡಿ ಮತ್ತೆ ಅಂಗಳದಲ್ಲಿ ನಿಂತಿದೆ. ಹೋದ ಭಾನುವಾರ ಹೆಂಗಸರು ನನ್ನ ಮುಖ ನೋಡದೆ ಹೇಳಿದರು: "ಈ ಸಲ ಮನೆ ನಾವೇ ನೋಡಿಟ್ಟಿದ್ದೇವೆ. ನೀವು ಪ್ರಾರ್ಥನೆ ಮಾಡಿದ್ರೆ ಸಾಕು."

ಈಗ ಹೇಳಿ, ಆ ಚೀಲದ ಮೇಲೆ ಕೈಯಿಟ್ಟು 'ಆ ಮನೆಯವರಿಗೆ' ಎನ್ನುವಾಗ ನನಗೆ ನಗು ಬಾರದಿರುತ್ತದೆಯೇ? ಜಂಬ ಇಳಿಸು ಎನ್ನುವಲ್ಲಿಗೆ ನಾನು ಹೋಗಲೇ ಇಲ್ಲ. ಒಲೆ ಹೊತ್ತಲಿ, ಎಲ್ಲರೂ ಕೂತು ಉಣ್ಣಲಿ ಎಂದು ಹೇಳಿ ಮುಗಿಸಿದೆ. ಯಾವ ಮನೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಮನೆಗೆ ಬಂದವಳೇ ಜಗಲಿಯ ಮೇಲಿದ್ದ ಚಪ್ಪಲಿ, ಕೊಡೆಗಳನ್ನೆಲ್ಲ ಒತ್ತಟ್ಟಿಗಿಟ್ಟು ಗುಡಿಸಿದೆ.

"ಯಾರಾದ್ರೂ ಬರೋರಿದ್ದಾರಾ?" ಎಂದು ಗಂಡ ಮಲಗಿದಲ್ಲಿಂದಲೇ ಕೇಳಿದರು.

"ಬಂದ್ರೂ ಬರಬಹುದು" ಎಂದು ಕಾಫಿಗೆ ಒಂದು ಲೋಟ ನೀರು ಹೆಚ್ಚಿಗೆ ಇಟ್ಟೆ.