ಹೂವು ಬಿಡಿಸುವ ಕರಾರು

ಮೈಸೂರಿನ ಬೋಗಾದಿಯಲ್ಲಿ ಕೋಣೆ ಹಿಡಿಯುವಾಗ ನಾನು ಚೌಕಾಸಿ ಮಾಡಿದ್ದು ಬಾಡಿಗೆಯ ಬಗ್ಗೆ. ಕರಾರು ಬಂದು ನಿಂತದ್ದು ನನ್ನ ಮುಟ್ಟಿನ ಮೇಲೆ. ಮಹಡಿಯ ಮೇಲೆ ಒಂಟಿ ಕೋಣೆ, ಬಾಗಿಲಾಚೆ ಕುಂಡಗಳಲ್ಲಿ ದಾಸವಾಳ, ಕಾಕಡ, ಕಣಗಿಲೆ. ಮನೆಯ ಒಡತಿ ಪುಟ್ಟಲಕ್ಷ್ಮಮ್ಮನವರಿಗೆ ಮಂಡಿನೋವು. "ದಿನಾ ಪೂಜೆಗೆ ಹೂವು ಬಿಡಿಸಿ ಕೆಳಗೆ ತಂದುಕೊಡ್ತೀನಿ, ಬಾಡಿಗೆ ಇಳಿಸ್ರಿ" ಅಂದೆ. ಒಪ್ಪಿದರು. ಒಂದು ಮಾತು ಸೇರಿಸಿದರು:

"ಹೊರಗಾದಾಗ ಮಾತ್ರ ಗಿಡದತ್ರ ಸುಳೀಬ್ಯಾಡ ಕಣಮ್ಮ. ಮುಟ್ಟುದ್ರೆ ಒಣಗೋಯ್ತದೆ. ಆವತ್ತು ಹೇಳ್ಬುಡು, ನಾನೇ ಎಂಗೋ ಹತ್ಕೊಂಡ್ ಬತ್ತೀನಿ."

'ಹೊರಗಾಗುವುದು' ಅಂದರೆ ನಮ್ಮ ಗದಗ ಸೀಮೆಯ 'ಕಡಿಗಾಗುವುದು'. ಗಿಡ ಒಣಗುವುದಿಲ್ಲ ಎಂದು ನನಗೂ ಗೊತ್ತು. ಆದರೆ ಇಳಿದ ಬಾಡಿಗೆಯ ಮುಂದೆ ವಾದ ಮಾಡಬಾರದು; ಹೊಸ ಊರಿಗೆ ಹೋಗುವ ಹೆಣ್ಣುಮಕ್ಕಳು ಇದನ್ನು ನೆನಪಿಡಿ.

ಗಂಡನ ಮನೆ ಬಿಟ್ಟು ಅಣ್ಣನ ಮನೆಯಲ್ಲಿ ಕೆಲವು ವರ್ಷ ಇದ್ದು, ಸ್ವಂತ ದುಡಿಮೆ ಬೇಕೆಂದು ಇಲ್ಲಿಗೆ ಬಂದವಳು ನಾನು. ಸಗಟಿನಲ್ಲಿ ನೈಟಿ ಕೊಂಡು, ಸ್ಕೂಟರಿನ ಮೇಲೆ ಹೇರಿಕೊಂಡು ಕುವೆಂಪುನಗರದ ಮನೆಮನೆಗೆ ಮಾರುತ್ತೇನೆ. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಪರದೇಶದ ಹೆಂಗಸರು ಹೇಳಿದ ಬೆಲೆಯನ್ನೇ ಕೊಟ್ಟುಬಿಡುತ್ತಾರೆ. ಲಾಭವೇನೋ ಬರುತ್ತದೆ, ಮಾತಾಡಿದ ಸುಖವಿಲ್ಲ. ದಿನವಿಡೀ ಬಾಯಿ ಆಡಿಸಿ ಸಂಜೆ ಕೋಣೆಗೆ ಬಂದರೆ, ನನ್ನ ಬಗ್ಗೆ ಒಂದು ಮಾತು ಕೇಳುವವರಿಲ್ಲ. ಊರಿನಲ್ಲಿ ಹಾಗಲ್ಲ. ನನ್ನ ಮುಟ್ಟಿನ ದಿನ ನನಗಿಂತ ಮೊದಲು ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ನೆನಪಿರುತ್ತಿತ್ತು. ಸ್ವಲ್ಪ ತಡವಾದರೆ ಒಲೆಯ ಮುಂದಿನಿಂದಲೇ "ಯಾಕವಾ, ಇನ್ನೂ ಆಗಿಲ್ಲೇನು?" ಎಂದು ಕೂಗುತ್ತಿದ್ದಳು. ಆಗ ನಾಚಿಕೆಯಾಗುತ್ತಿತ್ತು.

ಇಲ್ಲಿ ಮೊದಲು ತಡವಾಯಿತು, ಆಮೇಲೆ ತಿಂಗಳು ಬಿಟ್ಟು ಬಂತು, ಯುಗಾದಿಯ ನಂತರ ಬರಲೇ ಇಲ್ಲ. ಮೈ ದಪ್ಪವಾಯಿತು, ರೊಟ್ಟಿ ಬಿಟ್ಟು ಅನ್ನ ಉಂಡಿದ್ದಕ್ಕೆ ಅಂದುಕೊಂಡೆ. ಬೇಸಿಗೆಯಲ್ಲೂ ಚಳಿ, ಮೈಸೂರಿನ ಹವೆ ಅಂದುಕೊಂಡೆ. ಕೂದಲು ಉದುರಿತು, ನೀರು ಅಂದುಕೊಂಡೆ. ಫೋನಿನಲ್ಲಿ ಅವ್ವ ಕೂಡ, "ನೀರು ಬದಲಾಗೈತಿ, ಒಗ್ಗಿದ ಮ್ಯಾಲ ಸರಿಹೋಗ್ತೈತಿ" ಅಂದಳು. ಮುಟ್ಟು ನಿಂತದ್ದನ್ನು ಅವಳಿಗೂ ಹೇಳಿರಲಿಲ್ಲ. ಗಂಡನಿಲ್ಲದೆ ಪರಊರಿನಲ್ಲಿರುವವಳು ಆ ಮಾತು ಹೇಳಿದರೆ ಕೇಳಿದವರ ಮನಸ್ಸು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಪುಟ್ಟಲಕ್ಷ್ಮಮ್ಮ ಹೂವಿನ ತಟ್ಟೆಗೆ ಕೈ ಚಾಚಲಿಲ್ಲ.

"ಕೂತ್ಕೋ. ಒಂದ್ ಮಾತ್ ಕೇಳ್ತೀನಿ, ತಪ್ ತಿಳ್ಕಾಬ್ಯಾಡ. ಯುಗಾದಿಯಿಂದ ನೀನು ಒಂದ್ ದಿನಾನೂ ರಜ ಹಾಕಿಲ್ಲ. ಹೊರಗಾಗಿದ್ರೂ ಹೂವ ಮುಟ್ಬುಟ್ಯಾ? ಇಲ್ಲಾ..." ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ನಿಂತಿತು.

ಯಾವುದಕ್ಕೆ ಹೂಂ ಅಂದರೂ ಕೋಣೆ ಹೋಗುತ್ತಿತ್ತು.

"ಎರಡೂ ಅಲ್ರೀ ಅಮ್ಮಾ. ನಿಂತುಬಿಟ್ಟೈತಿ."

"ಯಾರ್ಗ್ ಹೇಳ್ದೆ?"

"ಯಾರಿಗೂ ಇಲ್ಲ."

"ನೈಟಿ ಮಾರಕ್ಕೆ ಬೀದಿಗೆಲ್ಲಾ ಕೇಳ್ಸಂಗೆ ಕೂಗ್ತೀಯ, ಇದುಕ್ ಬಾಯಿಲ್ವಾ? ಡಾಕ್ಟ್ರುಗ್ ತೋರ್ಸು. ಅಲ್ಲೀಗಂಟ ಹೂವ ಬ್ಯಾಡ. ಮನೆ ವಿಚಾರ ಆಮ್ಯಾಕೆ ಮಾತಾಡಮ."

ಆ ವಾರ ದಾಸವಾಳ ಬಾಗಿಲ ಮುಂದೆ ಅರಳಿ, ಸಂಜೆಗೆ ಮುದುಡಿ ಉದುರಿತು. ಗುಡಿಸಿ ಹಾಕುತ್ತಿದ್ದೆ. ಆ ಕೆಲಸದಷ್ಟು ಒಂಟಿ ಕೆಲಸ ನಾನು ಬೇರೆ ಮಾಡಿಲ್ಲ.

ಕುವೆಂಪುನಗರದ ಕ್ಲಿನಿಕ್ಕಿನ ಡಾಕ್ಟರಮ್ಮ ಮೊದಲು ಕೇಳಿದ್ದು ಕೊನೆಯ ಮುಟ್ಟಿನ ತಾರೀಖು. ಯಾವ ಗಿರಾಕಿ ಯಾವ ಬಣ್ಣ ಕೊಂಡಳೆಂದು ಹೇಳಬಲ್ಲ ನನಗೆ ಅದು ನೆನಪಿರಲಿಲ್ಲ. ಅದು ವೈನಿಯ ಕೆಲಸವಾಗಿತ್ತಲ್ಲ. ಮೂತ್ರ ಪರೀಕ್ಷೆ ಮಾಡಿಸಿದರು. "ನಾನ್ ಅಂಥಾಕಿ ಅಲ್ರೀ" ಅಂದೆ. "ನಾನು ಹಾಗೆ ಅಂದ್ನಾ? ಎಲ್ಲರಿಗೂ ಇದೇ ಮೊದಲು ಕಣಮ್ಮ" ಎಂದು ನಕ್ಕರು. ಬಸಿರಲ್ಲವೆಂದು ಖಚಿತವಾದ ಮೇಲೆ ರಕ್ತ ಪರೀಕ್ಷೆ. ಥೈರಾಯ್ಡ್. ಕುತ್ತಿಗೆಯಲ್ಲಿರುವ ಆ ಗ್ರಂಥಿಯ ಕೆಲಸ ಮಂದವಾಗಿತ್ತು. ದಪ್ಪ, ಚಳಿ, ಕೂದಲು, ಮುಟ್ಟು, ಎಲ್ಲದರ ಮೂಲ ಅದೇ. ಪಾಪ, ಮೈಸೂರಿನ ನೀರನ್ನು ಸುಮ್ಮನೆ ಬೈದಿದ್ದೆ.

ಡಾಕ್ಟರಮ್ಮ ತಿಳಿಸಿಕೊಟ್ಟದ್ದನ್ನು ಊರಿನ ಅಕ್ಕತಂಗಿಯರಿಗೆ ಪುಕ್ಕಟೆಯಾಗಿ ಕೊಡುತ್ತೇನೆ. ಕೆಲವು ದಿನ ಹಿಂದುಮುಂದಾದರೆ ಗಾಬರಿ ಬೇಡ. ಚಿಂತೆ, ಊಟದ ಏರುಪೇರು, ಮೈತೂಕ ಏರುವುದು ಇಳಿಯುವುದು, ಇವೂ ಮುಟ್ಟನ್ನು ತಡೆಯುತ್ತವೆ. ಅಂಡಾಶಯದ ತೊಂದರೆಯೂ ಇರಬಹುದು. ಬಸಿರಿನ ಸಾಧ್ಯತೆಯಿದ್ದರೆ ತಡವಾದ ಕೂಡಲೇ ಪರೀಕ್ಷೆ ಮಾಡಿಸಿ. ಮೂರು ತಿಂಗಳು ಬಾರದಿದ್ದರೆ, ಇಲ್ಲವೇ ತಿಂಗಳು ತಿಂಗಳೂ ಲಯ ತಪ್ಪುತ್ತಿದ್ದರೆ, ಡಾಕ್ಟರ ಹತ್ತಿರ ಹೋಗಿ. ಅವರಿವರ ಮಾತ್ರೆ ನುಂಗಬೇಡಿ. ತಾರೀಖನ್ನು ನೀವೇ ನೆನಪಿಡಿ. ವೈನಿ ಎಲ್ಲ ಊರಿಗೂ ಜೊತೆಗೆ ಬರುವುದಿಲ್ಲ.

ವಿಷಯ ಕೇಳಿದ ಪುಟ್ಟಲಕ್ಷ್ಮಮ್ಮ, "ಅಯ್ಯೋ, ನಮ್ ಸೊಸೇಗೂ ಅದೇ ಕಣಮ್ಮ! ನಾಳೆ ಹೂವ ತತ್ತಾ" ಅಂದರು. ಮನೆಯ ವಿಚಾರ ಮತ್ತೆ ಎತ್ತಲಿಲ್ಲ.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಆಮೇಲೆ ಹೂವು. ದಸರೆಯ ಗದ್ದಲ ಮುಗಿದ ಮೇಲೊಂದು ಬೆಳಿಗ್ಗೆ ಹೊಟ್ಟೆ ಹಿಂಡಿತು, ಮುಟ್ಟು ಬಂದಿತ್ತು. ಬರಿಗೈಯಲ್ಲಿ ಇಳಿದು ಬಂದ ನನ್ನನ್ನು ನೋಡಿಯೇ ಅವರಿಗೆ ತಿಳಿಯಿತು.

"ಸದ್ಯ! ಬಂತಾ? ಚಾಮುಂಡವ್ವ ಕಣ್ ಬುಟ್ಲು. ಸರ್ಕೊಂಡ್ ನಿಂತ್ಕೋ, ನಾನು ಮಡೀಲಿವ್ನಿ."

ಸರಿದು ನಿಂತೆ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದರು. ಕೈ ಕೊಟ್ಟು ಹತ್ತಿಸುವ ಹಾಗಿರಲಿಲ್ಲ. ಅಂಗಳದಲ್ಲೇ ನಿಂತು ವೈನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬೈದಳು, ಅತ್ತಳು. "ಅಲ್ಲಿ ಯಾರದಾರ ನಿನಗ? ಮನಿಗೆ ಬಂದುಬಿಡು" ಅಂದಳು.

ಮೇಲಿನಿಂದ ದನಿ ಬಂತು: "ಕಾಕಡ ಎಲ್ಲಮ್ಮೀ? ಕಾಣ್ತಾನೇ ಇಲ್ವಲ್ಲ!"

"ನೀರಿನ ಟಾಕಿ ಹಿಂದ ನೋಡ್ರಿ ಅಮ್ಮಾ, ಎಡಕ್ಕ" ಎಂದು ಕೂಗಿದೆ.

"ಯಾರ ಕೂಡ ಮಾತಾಡಾಕತ್ತಿ?" ವೈನಿ ಕೇಳಿದಳು.

"ಇಲ್ಲಿನ ಮನಿಯವರ ಕೂಡ" ಅಂದೆ.