ಕೈಯಿಟ್ಟು ಪಡೆದ ಅಮಾನತ್

ಭಾಲ್ಕಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನಾನೂ ನನ್ನ ಗೆಳೆಯನೂ ಪಾಲಿನಲ್ಲಿ ಒಂದು ಟ್ರಂಕಿನ ಅಂಗಡಿ ನಡೆಸುತ್ತಿದ್ದೆವು. ತಗಡು ಬಡಿದು ಟ್ರಂಕು ಮಾಡುವುದು ಅವನ ಮನೆತನದ ಕಸುಬು. ಮಾಡಿಟ್ಟ ಟ್ರಂಕುಗಳ ಬಗ್ಗೆ ಚಿಂತೆ ಮಾಡುವುದು ನನ್ನ ಕಸುಬು. ಇಬ್ಬರಿಗೂ ಬಿಡುವು ಇರುತ್ತಿರಲಿಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ವ್ಯಾಪಾರ ಚೆನ್ನಾಗಿ ನಡೆಯಿತು ಎಂದು ಹೇಳಿಕೊಳ್ಳಲು ಈಗಲೂ ಸಂಕೋಚ. ಔರಾದ ಕಡೆಯ ಜನ ಹೈದರಾಬಾದಿಗೋ ಪುಣೆಗೋ ದುಡಿಯಲು ಹೊರಡುವಾಗ ಮನೆಯ ಸಾಮಾನನ್ನು ಟ್ರಂಕಿಗೆ ತುಂಬಿ ಬೀಗ ಹಾಕುತ್ತಿದ್ದರು. ಆಮೇಲೆ ಆ ಟ್ರಂಕನ್ನು ಇಡುವುದೆಲ್ಲಿ? ಯಾರೂ ಇಲ್ಲದ ಮನೆಗಿಂತ ಟ್ರಂಕಿನ ಅಂಗಡಿಯೇ ವಾಸಿ ಎಂದು ಒಬ್ಬರಿಗೆ ಹೊಳೆಯಿತು. ಒಬ್ಬರಿಗೆ ಹೊಳೆದದ್ದು ಊರಿಗೆಲ್ಲ ಹಬ್ಬಿತು. ಗೆಳೆಯ ಹಿಂದಿನ ಖೋಲಿಯ ಬಾಗಿಲು ತೆರೆದ. "ಅಮಾನತ್ ಅದ ಭಾಯ್, ಇಡಲಿ ಬಿಡು" ಅಂದ.

ನಮ್ಮ ಕಡೆ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಬಾಡಿಗೆಯಿಲ್ಲ, ಚೀಟಿಯಿಲ್ಲ. ಕೀಲಿ ಒಡೆಯರ ಸೊಂಟದಲ್ಲಿ, ಟ್ರಂಕು ನಮ್ಮ ಖೋಲಿಯಲ್ಲಿ. ಟ್ರಂಕು ಪಡೆಯುವವನು ಅದರ ಮುಚ್ಚಳದ ಮೇಲೆ ಅಂಗೈಯಿಟ್ಟು "ನನ್ನ ಕೈಯಾಗ ಬಂತು" ಅನ್ನಬೇಕು, ಅಷ್ಟೆ. ಗೆಳೆಯ ಬೆಸುಗೆ ಹಾಕುತ್ತ ಕೂತಿರುತ್ತಿದ್ದನಾದ್ದರಿಂದ ಹೆಚ್ಚಿನ ಮುಚ್ಚಳಗಳ ಮೇಲೆ ಬಿದ್ದದ್ದು ನನ್ನ ಅಂಗೈ.

ಖೋಲಿ ತುಂಬುತ್ತ ಹೋದಂತೆ ನನ್ನ ಚಿಂತೆಯ ಕಸುಬೂ ಬೆಳೆಯಿತು. ಒಳಗೇನಿದೆ ಎಂದು ನಾವು ನೋಡಿದವರಲ್ಲ. ನಾಳೆ ಯಾರಾದರೂ ಬಂದು ಬಂಗಾರದ ಬೋರಮಾಳ ಇತ್ತು, ಈಗಿಲ್ಲ ಅಂದರೆ? ಗೆಳೆಯನ ಹೆಸರಿನಲ್ಲಿ ಸುತ್ತಿಗೆ, ಕತ್ತರಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ಹೆಸರಿನಲ್ಲಿ ಬೀದರಿನಲ್ಲೊಂದು ಪುಟ್ಟ ಮನೆ ಇತ್ತು. ದಾವೆ ಬಿದ್ದರೆ ಯಾರ ಬಾಗಿಲಿಗೆ ಬರುತ್ತಾರೆಂದು ತಿಳಿಯಲು ದೊಡ್ಡ ಬುದ್ಧಿ ಬೇಕಿರಲಿಲ್ಲ. ಬೀದರ್ ಪಕ್ಕದ ಕೊಳಾರದ ಗೋದಾಮೊಂದರಲ್ಲಿ ಕೆಲಸ ಹುಡುಕಿಕೊಂಡೆ. ಅಲ್ಲಿ ಪೆಟ್ಟಿಗೆಯ ಒಳಗಿರುವುದನ್ನು ಪೆಟ್ಟಿಗೆಯ ಮೇಲೆಯೇ ಬರೆದಿರುತ್ತಾರೆ.

ಪಾಲು ಬಿಡುತ್ತೇನೆ ಎಂದಾಗ ಗೆಳೆಯ ಜಗಳ ತೆಗೆಯಲಿಲ್ಲ. "ಹೋಗ್ತಿ? ಖುಷಿಲೆ ಹೋಗು ಭಾಯ್" ಅಂದು ಚಹಾ ತರಿಸಿದ. ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಮನುಷ್ಯನನ್ನು ನಂಬುವುದು ಹೇಗೆ? ಬೀದರ್ ಮುಟ್ಟುವವರೆಗೂ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕಿದೆ. ಹೆಂಡತಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಅಂವ ಬ್ಯಾಡ ಅಂದಿದ್ರ ಸಂಶಯ, ಹೂಂ ಅಂದ್ರೂ ಸಂಶಯ. ಆ ಮನುಷ್ಯಾ ಮತ್ತ ಏನ್ ಅನಬೇಕ್ರಿ?"

ಪಾಲು ಬಿಡಲೆಂದು ನಾನು ಹಿಡಿದ ವಕೀಲರು ಬೆಂಗಳೂರು ಕಡೆಯವರು. ಪಾಲು ಬಿಟ್ಟ ಪತ್ರ ಬರೆದರೆ ಸಾಲದು, ಪತ್ರಿಕೆಯಲ್ಲಿ ಪ್ರಕಟಣೆಯೂ ಬರಬೇಕು, ಇಲ್ಲದಿದ್ದರೆ ಮುಂದೆ ಗೆಳೆಯ ಹೊತ್ತುಕೊಳ್ಳುವ ಹೊಣೆಗೆ ನಾನೂ ಸಿಕ್ಕಿಬೀಳುತ್ತೇನೆ ಎಂದರು. ನಾನು ಅಮಾನತಿನ ವಿಷಯ ತೆಗೆದೆ.

"ಅಮಾನತಾ? ಯಾರನ್ನ ಸಸ್ಪೆಂಡ್ ಮಾಡಿದ್ರಿ?" ಅಂದರು.

ಸರ್ಕಾರಿ ಕನ್ನಡದಲ್ಲಿ ಆ ಪದಕ್ಕೆ ಅದೇ ಅರ್ಥ ಎಂಬುದು ನನಗೆ ಗೊತ್ತಿತ್ತು. ಆದರೂ ಹಟ ಹಿಡಿದು ಆ ಪದವನ್ನೇ ಪ್ರಕಟಣೆಯಲ್ಲಿ ಹಾಕಿಸಿದೆ: ಸದರಿ ಅಂಗಡಿಯ ವ್ಯವಹಾರಕ್ಕೂ ಅಮಾನತಿಗೂ ಇಂದಿನಿಂದ ನನಗೂ ಸಂಬಂಧವಿಲ್ಲ. ಎದ್ದು ಬರುವಾಗ ವಕೀಲರು ಮೆಲ್ಲಗೆ ಒಂದು ಮಾತು ಸೇರಿಸಿದರು: "ಇದು ಮುಂದಿನದಕ್ಕೆ ಮಾತ್ರ. ಹಿಂದೆ ಆಗಿರೋದು ನಿಮ್ಮ ಹಿಂದೇನೇ ಬರುತ್ತೆ." ಆ ಮಾತು ನನಗೆ ಕೇಳಿಸದಂತೆ ನಾನೇ ನೋಡಿಕೊಂಡೆ.

ಪ್ರಕಟಣೆ ಬಂದ ದಿನ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಪೇಪರ್ ಮಡಚಿಕೊಂಡು ಬಂದು ನನ್ನ ಭುಜ ತಟ್ಟಿದರು. "ಅಮಾನತ್ ಆಗೀರಂತಲ್ರಿ. ಧೈರ್ಯ ಬಿಡಬ್ಯಾಡ್ರಿ. ನಮ್ಮ ಸಾಹೇಬರೂ ಆಗಿದ್ರು, ಮತ್ತ ಕೆಲಸಕ್ಕ ತಗೊಂಡ್ರು." ಗೋದಾಮಿನಲ್ಲಿಯೂ ಕೆಲವರು ನನ್ನ ಜೊತೆ ಮಾತು ಕಡಿಮೆ ಮಾಡಿದರು. ಹೊಣೆ ಕಳಚಲು ಹೋಗಿ ಕಳಂಕ ತೊಟ್ಟುಕೊಂಡಿದ್ದೆ.

ಮಳೆ ಬಂತು. ಜನ ಊರಿಗೆ ಮರಳತೊಡಗಿದರು. ಒಂದು ಬೆಳಿಗ್ಗೆ ಔರಾದ ಕಡೆಯ ಸಂತಪುರದ ಮುದುಕಿಯೊಬ್ಬಳು ನನ್ನ ಬಾಗಿಲಲ್ಲಿ ನಿಂತಿದ್ದಳು.

"ತಮ್ಮಾ, ನಮ್ಮ ಪೆಟ್ಟಿಗಿ ಕೊಡು."

"ಆಯಿ, ಅದು ಭಾಲ್ಕ್ಯಾಗ ಅದ. ನಾ ಆ ಅಂಗಡಿ ಬಿಟ್ಟೀನಿ."

"ಭಾಲ್ಕಿಗಿ ಹೋಗೇ ಬಂದೀನಿ. ಅಂವ ಕೊಡಲ್ಲ ಅಂದ. ನಿನ್ನ ಮನಿ ಗುರ್ತು ಹೇಳಿ, ಕರ್ಕೊಂಡು ಬಾ ಅಂದ."

ಹೌದೇ ಹೌದು, ಅಂದುಕೊಂಡೆ. ಟ್ರಂಕು ಒಡೆದಿದ್ದಾನೆ, ಇಲ್ಲವೇ ಮಾರಿದ್ದಾನೆ. ಈಗ ತಲೆ ಕೊಡಲು ನಾನು ಬೇಕು. ಒಳಗೆ ಹೋಗಿ ಪ್ರಕಟಣೆಯ ತುಣುಕು ತಂದು ಅವಳ ಮುಂದೆ ಹಿಡಿದೆ.

"ಇದರಾಗ ಬರದದ ಆಯಿ. ನಂದು ಸಂಬಂಧ ಇಲ್ಲ ಅಂತ."

"ಯಾವಾಗ ಬಂದದ ಇದು?"

"ಬ್ಯಾಸಗ್ಯಾಗ."

"ಬ್ಯಾಸಗ್ಯಾಗ ನಾ ಪುಣಾದಾಗ ಇಟ್ಟಂಗಿ ಹೊರ್ತಿದ್ದೆ. ಅಲ್ಲಿಗಿ ಇದು ಬಂದಿಲ್ಲ ನೋಡು." ತುಣುಕನ್ನು ನನಗೇ ಮರಳಿಸಿದಳು. "ಪೆಟ್ಟಿಗಿ ಮ್ಯಾಲ ಕೈ ಇಟ್ಟಿದ್ದು ಯಾರು? ಅದು ಬರದಾರೇನು ಇದರಾಗ?"

ಗೋದಾಮಿಗೆ ರಜೆ ಹೇಳಿ ಅವಳೊಂದಿಗೆ ಭಾಲ್ಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗೆಳೆಯನಿಗೆ ಹಾಕುವ ಪಾಟೀಸವಾಲುಗಳನ್ನು ಜೋಡಿಸಿಕೊಂಡೆ. ಒಂದನ್ನೂ ಕೇಳುವ ಅವಕಾಶ ಸಿಗಲಿಲ್ಲ. ನಮ್ಮನ್ನು ನೋಡಿದ್ದೇ ಅವನು ಎದ್ದು ಖೋಲಿಯ ಬಾಗಿಲು ತೆರೆದ. ಒಳಗೆ ಟ್ರಂಕುಗಳು ಎರಡು ಗುಡ್ಡೆಯಾಗಿದ್ದವು. ಒಂದು ಗುಡ್ಡೆಯ ಮೇಲೆ ಟಾರ್ಪಾಲಿನ ತಾಡಪತ್ರಿ ಹೊದಿಸಿತ್ತು.

"ಈ ಕಡೀದು ನಂದು. ಆ ಕಡೀದು ನಿಂದು" ಅಂದು ತಾಡಪತ್ರಿ ತೋರಿಸಿದ.

"ನಾ ಪಾಲು ಬಿಟ್ಟು ಹೋದೆನಲ್ಲೋ."

"ಅಂಗಡಿ ಬಿಟ್ಟಿ. ಕೈ ಹ್ಯಾಂಗ ಬಿಡ್ತಿ? ನಿನ್ನ ಕೈಯಾಗ ಬಂದಿದ್ದು ನಿನ್ನ ಕೈಲೇ ಹೋಗಬೇಕು."

"ನೀನೇ ಕೊಟ್ಟಿದ್ರ ಏನಾಗ್ತಿತ್ತು?"

"ನಾ ಕೊಟ್ಟು, ಒಳಗ ಒಂದು ಲೋಟಾ ಕಮ್ಮಿ ಬಿದ್ರ ಯಾರಿಗಿ ಸಂಶಯ ಬರ್ತದ ಭಾಯ್? ಆಯಿಗಲ್ಲ. ಮೊದಲ ನಿನಗ ಬರ್ತದ."

ನಾನು ವಕೀಲರನ್ನು ಹಿಡಿದು, ಪತ್ರಿಕೆಯಲ್ಲಿ ಮಾನ ಕಳೆದುಕೊಂಡು ಮಾಡಲು ಹೋದ ಹೊಣೆಯ ಪಾಲನ್ನು ಅವನು ಒಂದು ತಾಡಪತ್ರಿಯಲ್ಲಿ ಮಾಡಿ ಮುಗಿಸಿದ್ದ.

ಮುದುಕಿಯ ಟ್ರಂಕನ್ನು ಹೊರಗೆಳೆದೆ. ಬೀಗ ಹಾಗೆಯೇ ಇತ್ತು. ಮುಚ್ಚಳದ ಮೇಲೆ ನಾನು ಅಂಗೈಯಿಟ್ಟೆ, ಅವಳು ನನ್ನ ಕೈಯ ಮೇಲೆ ತನ್ನದಿಟ್ಟು "ಮುಟ್ಟಿತು" ಅಂದಳು. ಇಟ್ಟಿಗೆ ಹೊತ್ತ ಆ ಅಂಗೈ ಉಸುಕಿನ ಕಾಗದದ ಹಾಗಿತ್ತು.

"ತೆಗದು ನೋಡ್ರಿ ಆಯಿ, ಎಲ್ಲಾ ಅದನಾ ಇಲ್ಲಾ ಅಂತ" ಎಂದು ಅಂಗಲಾಚಿದೆ. ಅವಳು ನೋಡಿ ಸರಿಯಿದೆ ಅಂದರೆ ಆ ಒಂದು ಟ್ರಂಕಿನ ಮಟ್ಟಿಗಾದರೂ ನನ್ನ ಮನೆ ಉಳಿಯುತ್ತಿತ್ತು.

"ನಿಮ್ಮಿಬ್ಬರ ಮುಂದ ಯಾಕ ತೆಗೀಲಿ? ಒಳಗೇನದ ಅಂತ ನಿಮಗ ಗೊತ್ತಾದ್ರ ಮುಂದಿನ ಸಲ ಹ್ಯಾಂಗ ಇಡಲಿ?"

ಸಂಶಯದಲ್ಲಿ ನನ್ನನ್ನು ಮೀರಿಸುವವರನ್ನು ನಾನು ಅಂದೇ ಕಂಡದ್ದು. ಟ್ರಂಕು ಔರಾದ ಬಸ್ಸಿನ ಮೇಲೆ ಏರಿ, ತೆರೆಯದೆಯೇ ಹೋಯಿತು.

ಅಂದಿನಿಂದ ಗೋದಾಮಿಗೆ ರಜೆ ಇದ್ದಾಗಲೆಲ್ಲ ಭಾಲ್ಕಿಗೆ ಹೋಗುತ್ತೇನೆ. ಯಾರಾದರೂ ಬಂದರೆ ಅವರ ಟ್ರಂಕನ್ನು ಕೈಮುಟ್ಟಿಸಿ ಕಳಿಸುತ್ತೇನೆ. ಹೊಸಬರು ಟ್ರಂಕು ತಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಗೆಳೆಯ ಬೆಸುಗೆ ಬಿಟ್ಟು ಎದ್ದು ಬರುತ್ತಾನೆ, ನಗುತ್ತಾನೆ. ಆದರೆ ಇಷ್ಟೊಂದು ಟ್ರಂಕು ಕಳಿಸಿದ ಮೇಲೂ, ಹೋದ ಸಲ ನೋಡಿದಾಗ ತಾಡಪತ್ರಿಯ ಕೆಳಗಿನ ಗುಡ್ಡೆ ಕರಗಿದಂತೆ ಕಾಣಲಿಲ್ಲ. ಯಾವ ಟ್ರಂಕಿನ ಮೇಲೆ ಯಾರ ಕೈ ಬಿದ್ದಿತ್ತು ಎಂಬುದು ನೆನಪಿರುವುದು ಅವನೊಬ್ಬನಿಗೇ. ನಿನ್ನವೂ ಇದರಾಗ ಸೇರ್ಯಾವೇನೋ ಎಂದು ಕೇಳಿದರೆ ಚಹಾ ತರಿಸುತ್ತಾನೆ.