ತೂತಿದ್ದ ಡಬ್ಬಿ ತುಂಬಿ ಬಂದದ್ದು

ಇವತ್ತು ಬೆಳಿಗ್ಗೆ ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಕುಟ್ಟಿದೆ. ಬೈಲಹೊಂಗಲದ ಈ ಮನೆಯಲ್ಲಿ ಮೂರು ಜನರಿಗೆ ಮೂವತ್ತು ಜನರಿಗಾಗುವಷ್ಟು ಹಿಂಡಿ ಕುಟ್ಟುವುದು ನನ್ನ ಹಳೇ ಚಾಳಿ. ಇದ್ದಬದ್ದ ಡಬ್ಬಿಗಳೆಲ್ಲ ತುಂಬಿದವು. ಅಟ್ಟದ ಮೇಲಿನ ಹಳೆಯ ತಗಡಿನ ಡಬ್ಬಿ ಇಳಿಸಿ, ತೊಳೆದು, ಅದಕ್ಕೂ ಸುರುವಿದೆ. ಎತ್ತಿಡಲು ಹೋದರೆ ಸೀರೆಯ ಮೇಲೆ ಕೆಂಪಗೆ ಪುಡಿ ಉದುರತೊಡಗಿತು. ಆ ಡಬ್ಬಿಯ ಹೊಟ್ಟೆಗೆ ತೂತು ಇದೆ. ಹೊಡೆದವಳು ನಾನೇ, ಆದರೂ ಮರೆತಿದ್ದೆ.

ಅದು ಒಂದು ಕಾಲದಲ್ಲಿ ನನ್ನ ಕ್ಯಾಮೆರಾ. ನಗಬೇಡಿ. ಮನೋಳಿಯ ತವರುಮನೆಯಲ್ಲಿದ್ದು ಕಾಲೇಜು ಓದುವಾಗ ವಿಜ್ಞಾನದ ಮಾಸ್ತರು ಕಲಿಸಿಕೊಟ್ಟಿದ್ದರು: ಡಬ್ಬಿಗೊಂದು ಮೊಳೆಯ ತೂತು, ಅದರ ಮೇಲೆ ಚಹಾ ಪಾಕೀಟಿನ ಬೆಳ್ಳಿಹಾಳೆ, ಹಾಳೆಗೆ ಸೂಜಿಯ ಚುಚ್ಚು. ಒಳಗೆ ಸುತ್ತಲೂ ಕರಿ ಕಾಗದ, ತೂತಿನ ಎದುರಿಗೆ ಸ್ಟುಡಿಯೋದವರನ್ನು ಕಾಡಿ ತಂದ ಫೋಟೊ ಕಾಗದ. ಲೆನ್ಸು ಇಲ್ಲ, ಗುಂಡಿ ಇಲ್ಲ. ಬಿಸಿಲಿಗಿಟ್ಟು, ತೂತಿನ ಮೇಲಿನ ಪಟ್ಟಿ ತೆಗೆದು, ಸುಮ್ಮನೆ ಕಾಯಬೇಕು. ಸುಮ್ಮನೆ ಕಾಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತಿತ್ತು.

ನಮ್ಮ ಮನೆಯ ಪೂರ್ತಿ ಮುಖ ಪಟದಲ್ಲಿ ಹಿಡಿಯಬೇಕೆಂದರೆ ಡಬ್ಬಿಯನ್ನು ಎದುರುಮನೆಯ ಗೌರವ್ವ ಕಾಕುವಿನ ಕಟ್ಟೆಯ ಮೇಲೇ ಇಡಬೇಕಿತ್ತು. ತೊಂದರೆ ಇದ್ದದ್ದು ಅಲ್ಲಿಯೇ. ನಮ್ಮ ಬಚ್ಚಲ ನೀರು ಓಣಿ ದಾಟಿ ಹೋಗಿ ಕಾಕು ಒಣಹಾಕಿದ್ದ ಸಂಡಿಗೆಯನ್ನೆಲ್ಲ ತೋಯಿಸಿದಂದಿನಿಂದ ಎರಡೂ ಮನೆಗಳಿಗೆ ಮಾತಿರಲಿಲ್ಲ. ಸಂಡಿಗೆ ಒಣಗಿದರೂ ಸಿಟ್ಟು ಒಣಗಲಿಲ್ಲ. ಅವ್ವ ಮೇಲೆ ಬಿಗಿಯಾಗಿದ್ದಳು, ಒಳಗೆ ಕೊರಗುತ್ತಿದ್ದಳು. ಪಂಚಮಿಯ ಉಂಡಿ ಕಟ್ಟಿದಾಗ ರೂಢಿಯಂತೆ ಕಾಕುವಿನ ಪಾಲನ್ನು ತಟ್ಟೆಗೆ ತೆಗೆದಿಡುವಳು, ಸ್ವಲ್ಪ ಹೊತ್ತು ನೋಡಿ ಮತ್ತೆ ಡಬ್ಬಿಗೇ ಹಾಕುವಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ದಿನ ಕಾಕು ಒಳಗಿರುವಾಗ ನೋಡಿ ಡಬ್ಬಿಯನ್ನು ಆಕೆಯ ಕಟ್ಟೆಯ ಮೇಲಿಟ್ಟೆ, ಪಟ್ಟಿ ತೆಗೆದೆ, ಓಡಿ ಬಂದು ನಮ್ಮ ಬಾಗಿಲಲ್ಲಿ ಠೀವಿಯಿಂದ ನಿಂತೆ. ಅಷ್ಟರಲ್ಲೇ ಹಾಲು ಉಕ್ಕೀತು ನೋಡೆಂದು ಹಿತ್ತಲಿನಿಂದ ಅವ್ವ ಕೂಗಿದಳು. ಹಾಲು ಇಳಿಸಿ ಹೊರಗೆ ಬಂದರೆ ಕಟ್ಟೆ ಬೋಳು. ಡಬ್ಬಿ ಇಲ್ಲ. ಜಗಳಕ್ಕೆ ನಾನೇ ಎಣ್ಣೆ ಹೊಯ್ದಂತಾಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ನಿಮ್ಮಲ್ಲೂ ಇರಬೇಕು. ಇನ್ನೊಬ್ಬರ ಮನೆಯ ಪಾತ್ರೆ ನಮ್ಮ ಮನೆಗೆ ಬಂದರೆ ಬರಿದಾಗಿ ಮರಳಿಸುವಂತಿಲ್ಲ. ಸಂಜೆ ಗೌರವ್ವ ಕಾಕು ನಮ್ಮ ಹೊಸ್ತಿಲಿಗೆ ಬಂದಳು. ಕೈಯಲ್ಲಿ ನನ್ನ ಡಬ್ಬಿ. ತೊಳೆದು ಲಕಲಕ ಮಾಡಿದ್ದಳು, ತುಂಬ ಹಿಂಡಿ ತುಂಬಿದ್ದಳು. ನನ್ನ ಕರಿ ಕಾಗದ, ಫೋಟೊ ಕಾಗದ ಆಕೆಯ ಒಲೆ ಸೇರಿದ್ದವು.

"ಯಕ್ಕಾ, ನಿಮ್ಮ ಡಬ್ಬಿ," ಎಂದಳು. "ಬರಿ ಡಬ್ಬಿ ಹೊಳ್ಳಿ ಕೊಡಬಾರದಲ್ಲಾ."

ಅವ್ವ ಏನನ್ನೂ ಕಳಿಸಿರಲಿಲ್ಲ. ಅವ್ವನೇ ಉಂಡಿಯನ್ನೋ ಏನನ್ನೋ ಕಳಿಸಿರಬೇಕು, ದಾರಿಯಲ್ಲಿ ನಾನು ತಿಂದು ಮುಗಿಸಿರಬೇಕು ಎಂದು ಕಾಕು ತಿಳಿದಿದ್ದಾಳೆ, ಹೀಗೆ ನಾನು ಲೆಕ್ಕ ಹಾಕಿದೆ. ಅವ್ವನ ಬಾಯಿಂದ 'ನಾ ಕಳಿಸಿಲ್ಲ' ಎಂಬ ಮಾತು ಬಿದ್ದರೆ ಕಥೆ ಮುಗಿಯಿತು. ಅವ್ವ ಡಬ್ಬಿ ನೋಡಿದಳು. ಬಾಗಿಲ ಹಿಂದಿದ್ದ ನನ್ನನ್ನೂ ನೋಡಿದಳು.

"ಒಳಗ ಬಾ ಗೌರವ್ವ. ಹೊಸ್ತಿಲದಾಗ ನಿಂತು ಯಾಕ ಕೊಡತಿ."

ಕಾಕು ಬಂದು ಕೂತಳು. ಆದರೆ ಡಬ್ಬಿ ಬಿಡಲಿಲ್ಲ. ಅವ್ವ ಕೈ ಚಾಚಿದರೂ ಕೊಡದೆ, ಹೆಬ್ಬೆರಳನ್ನು ಅದರ ಹೊಟ್ಟೆಗೆ ಒತ್ತಿ ಹಿಡಿದೇ ಕೂತಿದ್ದಳು. "ಮೊದಲ ಒಂದು ಬೋಗಾಣಿ ತಾ, ಸುರುವತೇನಿ," ಎಂದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲವೆಂದು ನಾನಂದುಕೊಂಡೆ. ಚಹಾ ಆಯಿತು, ಎರಡನೇ ಸಲವೂ ಆಯಿತು. ಕಾಕು ಹೋದ ಮೇಲೆ ಅವ್ವ ನನಗೆ ಹೇಳಿದ್ದು ಒಂದೇ: "ಡಬ್ಬಿ ಸುದ್ದಿ ಆಕಿ ಮುಂದ ತಗೀಬ್ಯಾಡ."

ತೆಗೆಯಲಿಲ್ಲ. ಬೇರೆ ಬೆಳ್ಳಿಹಾಳೆ ಅಂಟಿಸಿ, ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ ಪಟವನ್ನೂ ತೆಗೆದೆ. ಅಲುಗಬೇಡಿ, ಮಾತಾಡಬೇಡಿ ಎಂದು ಬೇಡಿಕೊಂಡಿದ್ದೆ. ಕಟ್ಟೆಯ ಕಲ್ಲು ಕಲ್ಲೂ ಸ್ಪಷ್ಟವಾಗಿ ಬಂತು. ಇಬ್ಬರ ಮುಖ ಇರಬೇಕಾದಲ್ಲಿ ಮಾತ್ರ ಹೊಗೆಯಂಥದೇನೋ. ಅಷ್ಟು ದಿನದ ಬಾಕಿ ಮಾತು ನನ್ನ ಪಟಕ್ಕಾಗಿ ಕಾಯುತ್ತದೆಯೇ? ಕೆಟ್ಟ ಆ ಪಟ ಈಗಲೂ ನನ್ನ ಪಡಸಾಲೆಯಲ್ಲಿದೆ.

ಆದರೆ ಅದನ್ನು ನೋಡಿದಾಗಲೆಲ್ಲ ಒಂದು ಅಳುಕು. ಇವರ ಸ್ನೇಹ ಮತ್ತೆ ಚಿಗುರಿದ್ದು ಕಾಕುವಿನ ತಪ್ಪು ತಿಳಿವಳಿಕೆಯಿಂದ. ನಿಜ ಗೊತ್ತಾಗಿದ್ದರೆ ಆಕೆ ಬರುತ್ತಲೇ ಇರಲಿಲ್ಲ. ಕಾಕು ತೀರಿಕೊಂಡಾಗಲೂ, ಆಮೇಲೆ ಅವ್ವ ಹೋದಾಗಲೂ ಈ ಮುಳ್ಳು ಹಾಗೇ ಉಳಿದಿತ್ತು.

ಇವತ್ತು ಹಿಂಡಿ ಉದುರುವುದನ್ನು ತಡೆಯಲು ಗಡಬಡಿಸಿ ತೂತಿಗೆ ಹೆಬ್ಬೆರಳು ಒತ್ತಿದೆ. ಒತ್ತಿ, ಹಾಗೆಯೇ ನಿಂತುಬಿಟ್ಟೆ. ಅಂದು ಕಾಕು ಹಿಡಿದದ್ದೂ ಹೀಗೆಯೇ, ಇದೇ ಜಾಗದಲ್ಲಿ. ತೊಳೆಯುವಾಗ ಬೆಳ್ಳಿಹಾಳೆ ಕಿತ್ತು ಬಂದಿರಬೇಕು, ತೂತು ಕಂಡಿರಬೇಕು. ಮೊಳೆ ಹೊಡೆದ ಡಬ್ಬಿಯಲ್ಲಿ ಯಾರೂ ಉಂಡಿ ಕಳಿಸುವುದಿಲ್ಲ ಎಂದು ತಿಳಿಯದಷ್ಟು ದಡ್ಡಳೇ ನಮ್ಮ ಕಾಕು? ಆಕೆಗೂ ಬರಲು ಒಂದು ನೆಪ ಬೇಕಿತ್ತು, ಅಷ್ಟೇ. ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ, ಸ್ವಲ್ಪ ಅತ್ತೆ, ಎದೆ ಹಗುರಾಯಿತು. ತೂತಿದೆಯೆಂದು ಗೊತ್ತಿದ್ದೇ ಆಕೆ ತುಂಬಿ ತಂದಿದ್ದಳು. ಒಂದು ಚಿಟಿಕೆಯೂ ಚೆಲ್ಲದಂತೆ, ಓಣಿ ದಾಟಿ.